ಟೆಂಟಿನ ಹೊರಗೆ ಬಿಟ್ಟ ಬೂಟು

ಕತ್ರಿಗುಪ್ಪೆಯ ನಮ್ಮ ಮನೆಯ ತಾರಸಿಯ ಮೇಲೆ ಟೆಂಟ್ ಹಾಕಿದ ದಿನ ಪಕ್ಕದ ಮನೆಯ ಆಂಟಿ ತಮ್ಮ ತಾರಸಿಯಿಂದ ಬಹಳ ಹೊತ್ತು ನೋಡಿದರು. ಕೊನೆಗೆ ತಡೆಯಲಾರದೆ ಕೇಳಿದರು.

"ಹಪ್ಪಳ ಒಣಗಿಸೋಕಾ?"

"ಇಲ್ಲ ಆಂಟಿ, ಮಲಗೋಕೆ."

"ಯಾಕೆ, ಮನೇಲಿ ಜಗಳವಾ?"

ಹೌದು ಅಂದುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಬೆಲ್ಜಿಯಂ ದೇಶಕ್ಕೆ ಕಾರ್ ರೇಸ್ ನೋಡಲು ಹೋಗುತ್ತಿದ್ದೇವೆ, ಅಲ್ಲಿ ನಾಲ್ಕು ರಾತ್ರಿ ಹುಲ್ಲುಗಾವಲಿನಲ್ಲಿ ಟೆಂಟ್ ಹಾಕಿ ಮಲಗುತ್ತೇವೆ, ಅದಕ್ಕೆ ಈಗ ಅಭ್ಯಾಸ ಮಾಡುತ್ತಿದ್ದೇವೆ ಎಂದು ವಿವರಿಸಿದೆ. ಆಂಟಿ ಎಲ್ಲವನ್ನೂ ಕೇಳಿಸಿಕೊಂಡು, "ಇಷ್ಟು ವಯಸ್ಸಾದ ಮೇಲೆ ಕಾಶಿಗೆ ಹೋಗ್ತಾರಮ್ಮ" ಎಂದು ಬಟ್ಟೆ ಎತ್ತಿಕೊಂಡು ಕೆಳಗೆ ಹೋದರು. ನನಗಿನ್ನೂ ಐವತ್ತಮೂರು.

ನಾನು ಡ್ರೈವಿಂಗ್ ಕಲಿಸುವವಳು. ಇಪ್ಪತ್ತೆರಡು ವರ್ಷದಿಂದ ಬನಶಂಕರಿ, ಜಯನಗರ, ಜೆ.ಪಿ. ನಗರದ ಹೆಂಗಸರಿಗೆ, ಈಚೆಗೆ ಗಂಡಸರಿಗೂ ಕಲಿಸುತ್ತಿದ್ದೇನೆ. ನನ್ನ ಕಾರಿನಲ್ಲಿ ಎಡಗಡೆ, ನಾನು ಕೂರುವ ಜಾಗದಲ್ಲೂ ಒಂದು ಬ್ರೇಕ್ ಇದೆ. ಕಲಿಯುವವರು ಮರೆತರೆ ನಾನು ಒತ್ತಬೇಕು. ಅದರ ಮೇಲೆ ಕಾಲಿಟ್ಟು ಕೂತೂ ಕೂತೂ ನನ್ನ ಬಲಗಾಲಿಗೆ ಒಂದು ಚಾಳಿ ಅಂಟಿಕೊಂಡಿದೆ. ಬಸ್ಸಿನಲ್ಲಿ ಕೂತರೂ ಒತ್ತುತ್ತದೆ, ಮದುವೆ ಮನೆಯಲ್ಲಿ ಬಡಿಸುವವನು ಸಾರಿನ ಬಕೆಟ್ ಹಿಡಿದು ಓಡಿ ಬಂದರೂ ಒತ್ತುತ್ತದೆ.

ರೇಸಿನ ಹುಚ್ಚು ಹಿಡಿದದ್ದು ಅದಕ್ಕೂ ಮುಂಚೆ, ಇಲ್ಲೇ ಬನಶಂಕರಿ ಪಕ್ಕದ ಶ್ರೀನಗರದ ತವರುಮನೆಯಲ್ಲಿ. ಆಗಷ್ಟೇ ಕೇಬಲ್ ಹಾಕಿಸಿದ್ದೆವು. ಭಾನುವಾರ ಸಂಜೆ ಸಿನಿಮಾ ಹುಡುಕುತ್ತ ಚಾನೆಲ್ ತಿರುಗಿಸುತ್ತಿದ್ದೆ. ಒಂದು ಕಡೆ ಕಾಡಿನ ನಡುವೆ, ಮಳೆಯಲ್ಲಿ, ಕಾರುಗಳು ಗುಡ್ಡ ಹತ್ತಿ ಬರುತ್ತಿದ್ದವು. ಅಮ್ಮ "ಮುಂದಕ್ಕೆ ತಿರುಗ್ಸೇ" ಅಂದಳು. ನಾನು ತಿರುಗಿಸಲಿಲ್ಲ. ಗುಡ್ಡದ ನೆತ್ತಿಯಲ್ಲಿ ಉದ್ದನೆಯ ನೇರ ರಸ್ತೆ ಮುಗಿಯುತ್ತಿತ್ತು, ಅಲ್ಲಿ ಅಷ್ಟೂ ಕಾರುಗಳು ಒಮ್ಮೆಗೇ ಬ್ರೇಕ್ ಹಾಕಿ ಬಲಕ್ಕೆ ಹೊರಳಿದವು. ಒಂದರ ಮೈಗೆ ಇನ್ನೊಂದು ತಾಗಲಿಲ್ಲ. ಎಲ್ಲರೂ ರೇಸಿನಲ್ಲಿ ವೇಗ ನೋಡುತ್ತಾರೆ. ನಾನು ನೋಡುವುದು ಬ್ರೇಕು. ಆಕ್ಸಿಲರೇಟರ್ ತುಳಿಯಲು ಧೈರ್ಯವೊಂದಿದ್ದರೆ ಆಯಿತು; ಎಲ್ಲಿ ಕಾಲಿಡಬೇಕು, ಎಷ್ಟು ಒತ್ತಬೇಕು ಅನ್ನುವುದೇ ವಿದ್ಯೆ. ಈ ಭಾಷಣವನ್ನು ನನ್ನ ಬಳಿ ಕಲಿತವರೆಲ್ಲ ಮೊದಲ ದಿನವೇ ಕೇಳಿರುತ್ತಾರೆ.

ಅಂದಿನಿಂದ ನನ್ನದು ಒಂದೇ ಆಸೆ. ಬೆಲ್ಜಿಯಂನ ಆ ಗುಡ್ಡದ ಮೇಲೆ ನಿಂತು, ರೇಸಿನ ಮೊದಲ ಸುತ್ತಿನಲ್ಲಿ ಇಪ್ಪತ್ತು ಕಾರುಗಳು ಒಟ್ಟಿಗೆ ಬ್ರೇಕ್ ಹಾಕುವುದನ್ನು ಕಣ್ಣಾರೆ ನೋಡಬೇಕು. ಮದುವೆಯಾದ ಮೇಲೆ ಆಸೆಗೆ ಒಂದು ಬಾಲ ಸೇರಿತು. ಆಗ ನನ್ನ ಪಕ್ಕದಲ್ಲಿ ಇವರು ನಿಂತಿರಬೇಕು.

ಇವರು ಅಂದರೆ ನಮ್ಮ ಯಜಮಾನರು. ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬಿಡಿಸುವ ಕೆಲಸ ಮಾಡಿ ನಿವೃತ್ತರಾದವರು. ಮಾತು ಕಡಿಮೆ, ನಡಿಗೆ ಜಾಸ್ತಿ. ತರಕಾರಿಗೆ ಗಾಂಧಿ ಬಜಾರಿನವರೆಗೂ ನಡೆದೇ ಹೋಗುತ್ತಾರೆ. ವರ್ಷಕ್ಕೊಮ್ಮೆ ಆಷಾಢದಲ್ಲಿ ಮೈಸೂರಿಗೆ ಹೋಗಿ ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಿ ಬರುತ್ತಾರೆ. ನಾನು ಭಾನುವಾರ ಸಂಜೆ ಟೀವಿ ಮುಂದೆ ಕೂತರೆ ಇವರು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ವಾಕಿಂಗ್ ಹೊರಡುತ್ತಾರೆ. "ಹೊರಟ ಜಾಗಕ್ಕೇ ವಾಪಸ್ ಬರೋದಕ್ಕೆ ಅಷ್ಟೊಂದು ಪೆಟ್ರೋಲಾ?" ಎಂದು ಒಮ್ಮೆ ಕೇಳಿದ್ದು ಬಿಟ್ಟರೆ ರೇಸಿನ ಬಗ್ಗೆ ಇವರು ಒಂದು ಮಾತನ್ನೂ ಆಡಿದವರಲ್ಲ.

ಇದಕ್ಕೆ ಕಾರಣ ನಾನೇ. ಹದಿನೆಂಟು ವರ್ಷದ ಹಿಂದೆ ಇವರಿಗೂ ಡ್ರೈವಿಂಗ್ ಕಲಿಸಲು ಕೂರಿಸಿದ್ದೆ. ನಾಲ್ಕನೆಯ ದಿನ ಕತ್ರಿಗುಪ್ಪೆ ಸಿಗ್ನಲ್ಲಿನಲ್ಲಿ ಮುಂದಿದ್ದ ಆಟೋ ನಿಂತಿತು. ಇವರು ನಿಲ್ಲಿಸಲಿಲ್ಲ, ಯೋಚನೆ ಮಾಡುತ್ತಿದ್ದರು. ನಾನು ನನ್ನ ಕಡೆಯ ಬ್ರೇಕ್ ಒತ್ತಿದೆ. ಆಟೋಗೆ ಗೇಣು ದೂರದಲ್ಲಿ ಕಾರು ನಿಂತಿತು. ಅಲ್ಲಿಗೆ ಬಿಡಬಹುದಿತ್ತು, ಬಿಡಲಿಲ್ಲ. ಕಿಟಕಿ ತೆರೆದಿತ್ತು, ನನ್ನ ಗಂಟಲು ಮೊದಲೇ ದೊಡ್ಡದು. "ಕಾಲಿಲ್ವೇನ್ರೀ ನಿಮಗೆ?" ಎಂದು ಕಿರುಚಿದೆ. ಆಟೋದವನು ತಿರುಗಿ ನೋಡಿ ನಕ್ಕ. ಫುಟ್‌ಪಾತಿನ ಹೂವಿನವಳೂ ನಕ್ಕಳು. ಇವರು ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಕೀ ತೆಗೆದು ನನ್ನ ಕೈಗೆ ಕೊಟ್ಟು, ಇಳಿದು ಮನೆಗೆ ನಡೆದುಕೊಂಡು ಹೋದರು.

ಅಂದಿನಿಂದ ಇವರು ಸ್ಟೀರಿಂಗ್ ಮುಟ್ಟಿಲ್ಲ. ನನ್ನ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕೂರುತ್ತಾರೆ, ಬಾಡಿಗೆ ಕಾರಿನಲ್ಲಿ ಕೂತಂತೆ. ಆ ದಿನದ ಮಾತನ್ನು ಇವರೂ ಎತ್ತಲಿಲ್ಲ, ನಾನೂ ತಪ್ಪಾಯಿತು ಅನ್ನಲಿಲ್ಲ. ಅನ್ನಬೇಕು ಅಂದುಕೊಂಡಾಗಲೆಲ್ಲ ಏನಾದರೊಂದು ಅಡ್ಡ ಬರುತ್ತಿತ್ತು. ಆಮೇಲೆ ಬಹಳ ದಿನವಾಗಿಬಿಟ್ಟಿತಲ್ಲ ಅನ್ನುವುದೇ ಅಡ್ಡ ಬಂತು.

ಬೆಲ್ಜಿಯಂ ವಿಷಯ ಶುರುವಾದದ್ದು ನನ್ನ ಹಳೆಯ ಶಿಷ್ಯೆಯಿಂದ. ಬಿಳೇಕಹಳ್ಳಿಯವಳು, ಮದುವೆಯಾಗಿ ಜರ್ಮನಿ ಸೇರಿದ್ದಳು. ಫೋನಿನಲ್ಲಿ, "ಟಿಕೆಟ್ ನಾನು ಮಾಡಿಸ್ತೀನಿ ಮೇಡಂ. ಹೋಟೆಲ್ ಮಾತ್ರ ಮರೆತುಬಿಡಿ, ಸಿಗಲ್ಲ. ಅಲ್ಲಿ ಎಲ್ರೂ ಟೆಂಟಲ್ಲೇ ಇರೋದು" ಅಂದಳು. ನಾನು ಇವರಿಗೆ ಊಟದ ಹೊತ್ತಿನಲ್ಲಿ, ಅನ್ನ ಬಡಿಸುತ್ತ, "ನಾನಂತೂ ಹೋಗ್ತೀನಿ. ಜೊತೇಲಿ ಯಾರು ಬರ್ತಾರೋ ಗೊತ್ತಿಲ್ಲ" ಅಂದೆ. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಬೆಳಿಗ್ಗೆ ಇವರು ಕೇಳಿದರು.

"ಟೆಂಟಲ್ಲಿ ಕಾಫಿ ಹೇಗೆ ಮಾಡೋದು?"

ಇಪ್ಪತ್ತೇಳು ವರ್ಷ ಸಂಸಾರ ಮಾಡಿದ್ದೇನೆ, ಇದರ ಅರ್ಥ ನನಗೆ ಗೊತ್ತು. ಅವತ್ತೇ ಪಾಸ್‌ಪೋರ್ಟ್ ಹುಡುಕಿದೆ.

ಪ್ಯಾಕಿಂಗ್ ಜಗಳ ಒಂದು ವಾರ ನಡೆಯಿತು. ಸೂಟ್‌ಕೇಸಿನಲ್ಲಿ ಕಾಫಿ ಫಿಲ್ಟರ್, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಗೊಜ್ಜವಲಕ್ಕಿ, ಸಣ್ಣ ಕುಕ್ಕರ್, ಒಂದು ಪ್ಲಾಸ್ಟಿಕ್ ಚೊಂಬು. ತೂಕದ ಯಂತ್ರದ ಮೇಲಿಟ್ಟರೆ ಮುಳ್ಳು ಮಿತಿ ದಾಟಿತು. ಇವರು ಇಬ್ಬರ ಹವಾಯಿ ಚಪ್ಪಲಿಯನ್ನೂ ಒಂದು ಕವರಿನಲ್ಲಿ ಸುತ್ತಿ ಇಟ್ಟಿದ್ದರು. ನಾನು ತೆಗೆದು ಎಸೆದೆ. "ಚಳಿ ದೇಶಕ್ಕೆ ಯಾರಾದ್ರೂ ಹವಾಯಿ ಚಪ್ಪಲಿ ತಗೊಂಡು ಹೋಗ್ತಾರೇನ್ರೀ? ಹಾಕ್ಕೊಂಡಿರೋ ಬೂಟು ಸಾಕು" ಅಂದೆ. ಇವರು ಕವರನ್ನು ಎತ್ತಿ ವಾಪಸ್ ಮನೆಯ ಚಪ್ಪಲಿ ಗೂಡಿನಲ್ಲಿಟ್ಟರು. ಈ ಚಪ್ಪಲಿ ವಿಷಯ ನೆನಪಿಟ್ಟುಕೊಂಡಿರಿ.

ಗುರುವಾರ ಸಂಜೆ ಕ್ಯಾಂಪ್ ತಲುಪಿದೆವು. ಇಳಿಜಾರಾದ ಒಂದು ಹುಲ್ಲುಗಾವಲು, ಅದರ ತುಂಬ ಟೆಂಟು, ಅಂಚಿನಲ್ಲಿ ಕಾಡು. ಅರ್ಧಕ್ಕರ್ಧ ಜನ ಕಿತ್ತಳೆ ಬಣ್ಣದ ಅಂಗಿ ತೊಟ್ಟಿದ್ದರು, ಹಾಲೆಂಡಿನ ಡ್ರೈವರನ ಅಭಿಮಾನಿಗಳು. ನಾವು ಠೀವಿಯಿಂದ ಟೆಂಟ್ ಬಿಚ್ಚಿದೆವು, ತಾರಸಿಯ ಮೇಲೆ ಮೂರು ಸಲ ಹಾಕಿ ಪಳಗಿದವರಲ್ಲವೇ. ಆದರೆ ತಾರಸಿಯಲ್ಲಿ ಗೂಟ ಹೊಡೆಯಲು ಆಗುವುದಿಲ್ಲವಲ್ಲ, ಹಗ್ಗವನ್ನು ನೀರಿನ ಟ್ಯಾಂಕಿಗೂ ಬಟ್ಟೆ ಒಣಹಾಕುವ ಕಂಬಕ್ಕೂ ಕಟ್ಟಿದ್ದೆವು. ಇಲ್ಲಿ ಟ್ಯಾಂಕಿಲ್ಲ, ಕಂಬವಿಲ್ಲ. ಗೂಟದ ಚೀಲವನ್ನು ಆಗಲೇ ಮೊದಲ ಸಲ ತೆರೆದದ್ದು. ಅಷ್ಟರಲ್ಲಿ ಗಾಳಿ ಬಂದು ಟೆಂಟು ಪಕ್ಕದವರ ಅಂಗಳಕ್ಕೆ ಹೋಯಿತು.

ಆ ಪಕ್ಕದವರು ಹಾಲೆಂಡಿನ ಅಪ್ಪ, ಮಗ. ಅಪ್ಪನಿಗೆ ಎಪ್ಪತ್ತರ ಹತ್ತಿರ, ಮಗನಿಗೆ ನಲವತ್ತು. ಇಬ್ಬರೂ ನಮ್ಮ ಮನೆ ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರ. ಅವರೇ ಟೆಂಟನ್ನು ಹಿಡಿದು ತಂದು, ಸುತ್ತಿಗೆಯಿಂದ ಗೂಟ ಹೊಡೆದುಕೊಟ್ಟರು. ದಾರಿಯಲ್ಲಿ ಕೊಂಡಿದ್ದ ಪುಟ್ಟ ಗ್ಯಾಸ್ ಒಲೆಯ ಮೇಲೆ ನಾನು ಫಿಲ್ಟರ್ ಕಾಫಿ ಮಾಡಿಕೊಟ್ಟೆ. ಮುದುಕರು ಒಂದು ಗುಟುಕು ಕುಡಿದು, ಲೋಟದೊಳಗೆ ಇಣುಕಿ ನೋಡಿ, ಇನ್ನೊಂದು ಲೋಟ ಕೇಳಿದರು. ಆಮೇಲೆ ನಾಲ್ಕೂ ದಿನ ಬೆಳಿಗ್ಗೆ ಆರೂವರೆಗೆ ಸರಿಯಾಗಿ ಕೆಮ್ಮುತ್ತ ನಮ್ಮ ಟೆಂಟಿನ ಮುಂದೆ ಸುಳಿದಾಡುತ್ತಿದ್ದರು.

ಟೆಂಟ್ ನಿಂತ ಕೂಡಲೇ ಇವರು ಮಾಡಿದ ಮೊದಲ ಕೆಲಸ, ಬಾಗಿಲಿನ ಮುಂದೆ ಒಂದು ಹಳೆಯ ಟವಲನ್ನು ಮಡಚಿ ಕಾಲೊರಸಿನ ಹಾಗೆ ಹಾಸಿ, ಬೂಟು ಬಿಚ್ಚಿ ಹೊರಗೆ ಜೋಡಿಸಿದ್ದು. ನನ್ನದನ್ನೂ ಪಕ್ಕದಲ್ಲಿಟ್ಟರು. ಹಾಲೆಂಡಿನ ಮುದುಕರು ತಮ್ಮ ಬೂಟನ್ನು ಚೀಲಕ್ಕೆ ಹಾಕಿ ಒಳಗಿಟ್ಟುಕೊಳ್ಳುವುದನ್ನು ತೋರಿಸಿ, ಕಾಡಿನ ಕಡೆ ಕೈ ಮಾಡಿ, ಒಳಗಿಡಿ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿಯೇ ಹೇಳಿದರು. ಇವರು ನಕ್ಕು, ತಲೆಯಾಡಿಸಿ, ನಮ್ಮಲ್ಲಿ ಮಲಗುವ ಜಾಗಕ್ಕೆ ಬೂಟು ತರುವುದಿಲ್ಲ ಅಂದರು. ನಾನೂ ಹೌದೆಂದೆ. ಅನ್ನ, ಹಾಸಿಗೆ ಎಲ್ಲ ಅಷ್ಟರಲ್ಲೇ ಇರುವಾಗ ಕೆಸರು ಬೂಟನ್ನು ತಲೆದೆಸೆಯಲ್ಲಿಟ್ಟುಕೊಂಡು ಮಲಗಲು ಮನಸ್ಸು ಹೇಗೆ ಬರುತ್ತದೆ? ಮಳೆಗೆ ನೆನೆಯದಿರಲಿ ಎಂದು ಇವರು ಬೂಟಿನ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಮುಚ್ಚಿದರು.

ಶುಕ್ರವಾರ ಅಭ್ಯಾಸದ ಓಟ. ಕಾಡಿನ ದಾರಿಯಲ್ಲಿ ಮುಕ್ಕಾಲು ಗಂಟೆ ನಡೆದು ನನ್ನ ಗುಡ್ಡ ತಲುಪಿದರೆ ಮಂಜು ಕವಿದು ರಸ್ತೆಯೇ ಕಾಣಲಿಲ್ಲ. ಎರಡು ಗಂಟೆ ಛತ್ರಿ ಹಿಡಿದು ನಿಂತೆವು. ಮಂಜಿನೊಳಗಿಂದ ಆಗಾಗ ಶಬ್ದ ಮಾತ್ರ ಬಂತು. ಇವರು ಛತ್ರಿ ಹಿಡಿದ ಕೈ ಬದಲಿಸುತ್ತ, "ಶಬ್ದ ಚೆನ್ನಾಗಿದೆ" ಅಂದರು. ಹೆಂಡತಿಗೆ ಬೇಜಾರಾಗದಿರಲಿ ಎಂದು ಹೇಳಿದ ಮಾತು ಅದು.

ಶನಿವಾರ, ಅರ್ಹತಾ ಓಟದ ದಿನ, ಬಿಸಿಲು ಬಂತು. ಆದರೆ ಗುಡ್ಡದ ಮೇಲೆ ಕಾಲಿಡಲು ಜಾಗವಿರಲಿಲ್ಲ. ದೂರದ ಇನ್ನೊಂದು ತಿರುವಿನಲ್ಲಿ, ಬೇರೆಯವರ ಬೆನ್ನುಗಳ ಸಂದಿಯಿಂದ ಕಾರಿನ ಬಾಲ ನೋಡಿದೆ. ಹದಿನೈದು ನಿಮಿಷಕ್ಕೆ ಇವರು, "ನಾನು ಹೋಗಿ ಅನ್ನಕ್ಕಿಡ್ತೀನಿ" ಎಂದು ಹೊರಟೇಬಿಟ್ಟರು. ನನಗೆ ಎಷ್ಟು ಬೇಸರವಾಯಿತೆಂದರೆ ಸಂಜೆ ಪುಳಿಯೋಗರೆಯನ್ನು ತಟ್ಟೆಯಲ್ಲೇ ಬಿಟ್ಟೆ. ಏಳು ಸಾವಿರ ಕಿಲೋಮೀಟರಿಗಿಂತ ಹೆಚ್ಚು ಬಂದು ಈ ಮನುಷ್ಯ ಅನ್ನಕ್ಕಿಡುವುದೇ ಆದರೆ ಕತ್ರಿಗುಪ್ಪೆಯಲ್ಲೇ ಇಡಬಹುದಿತ್ತು.

ಇವರಿಗೆ ಗೊತ್ತಾಗಿರಬೇಕು. ತಟ್ಟೆ ತೊಳೆದು ಬಂದು ಹೇಳಿದರು. "ನಾಳೆ ಎಂಟು ಗಂಟೆಗೇ ಹೊರಡೋಣ. ಮುಂದೆ ಜಾಗ ಹಿಡಿಯೋಣ. ಮುಗಿಯೋವರೆಗೂ ನಿಂತಿರ್ತೀನಿ, ಆಯ್ತಾ?"

"ಮೊದಲನೇ ಸುತ್ತು ನನ್ನ ಪಕ್ಕದಲ್ಲಿರಬೇಕು. ಅಷ್ಟೇ."

"ಇರ್ತೀನಿ ಅಂದ್ನಲ್ಲ."

ಭಾನುವಾರ ಬೆಳಿಗ್ಗೆ ಆರಕ್ಕೆ ಟೆಂಟಿನ ಜಿಪ್ ಎಳೆದು ತಲೆ ಹೊರಗೆ ಹಾಕಿದೆ. ಪ್ಲಾಸ್ಟಿಕ್ ಕವರ್ ಅತ್ತ ಬಿದ್ದಿತ್ತು. ಇವರ ಎರಡು ಬೂಟಿದ್ದವು. ನನ್ನದು ಬಲಗಾಲಿನದೊಂದೇ ಇತ್ತು. ಎಡಗಾಲಿನದು ಇಲ್ಲ. ಟೆಂಟಿನ ಸುತ್ತ ಹುಡುಕಿದೆವು, ಬೇಲಿಯವರೆಗೆ ಹುಡುಕಿದೆವು. ಕೆಮ್ಮುತ್ತ ಬಂದ ಹಾಲೆಂಡಿನ ಮುದುಕರು ಕೆಸರಿನಲ್ಲಿದ್ದ ಸಣ್ಣ ಹೆಜ್ಜೆ ಗುರುತನ್ನು ತೋರಿಸಿ, ಫೋನಿನಲ್ಲಿ ನರಿಯ ಚಿತ್ರ ತೆಗೆದು ನನ್ನ ಮುಂದೆ ಹಿಡಿದರು. ಇಲ್ಲಿನ ನರಿಗಳಿಗೆ ಬೂಟು ಕಚ್ಚಿಕೊಂಡು ಹೋಗುವುದೆಂದರೆ ಪ್ರೀತಿಯಂತೆ. ಗುರುವಾರ ಅವರು ಕಾಡಿನ ಕಡೆ ಕೈ ಮಾಡಿದ್ದು ಇದಕ್ಕೇ.

ನನ್ನ ಪಿತ್ತ ನೆತ್ತಿಗೇರಿತು.

"ಇಲ್ಲೇನು ಸತ್ಯನಾರಾಯಣ ಪೂಜೆ ನಡೀತಿದ್ಯೇನ್ರೀ, ಬೂಟು ಹೊರಗೆ ಬಿಡೋಕೆ?" ಎಂದು ಶುರು ಮಾಡಿದೆ. ಮುದುಕರು ಹೇಳಿದ್ದು, ಇವರು ನಕ್ಕು ತಲೆಯಾಡಿಸಿದ್ದು, ಶನಿವಾರದ ಅನ್ನ, ಎಲ್ಲ ಬಂತು. ನಾನೂ ಅವತ್ತು ಹೌದೆಂದಿದ್ದೆ ಅನ್ನುವುದು ಮಾತ್ರ ಬರಲಿಲ್ಲ. ಹತ್ತು ಟೆಂಟಿನಾಚೆಯ ಜನ ಹಲ್ಲುಜ್ಜುವುದನ್ನು ನಿಲ್ಲಿಸಿ ನೋಡಿದರು. ಭಾಷೆ ತಿಳಿಯದಿದ್ದರೂ ಬೈಗುಳ ಯಾರಿಗೂ ತಿಳಿಯುತ್ತದೆ. ಇವರು ಕೈ ಕಟ್ಟಿ ನೆಲ ನೋಡುತ್ತಿದ್ದರು. ಆ ಮುಖವನ್ನು ನಾನು ಮೊದಲೊಮ್ಮೆ ನೋಡಿದ್ದೆ. ಕತ್ರಿಗುಪ್ಪೆ ಸಿಗ್ನಲ್ಲಿನಲ್ಲಿ, ಕೀ ಕೈಗೆ ಕೊಟ್ಟಾಗ. ನನ್ನ ಬಾಯಿ ತಾನಾಗಿ ಮುಚ್ಚಿತು. ಹವಾಯಿ ಚಪ್ಪಲಿಯನ್ನು ತೆಗೆದು ಎಸೆದವಳು ನಾನೇ ಅನ್ನುವುದೂ ಆಗಲೇ ನೆನಪಾದದ್ದು. ಇವರು ಅದನ್ನೂ ಎತ್ತಿ ಆಡಲಿಲ್ಲ.

ಅಂಗಡಿ ಹುಡುಕೋಣವೆಂದರೆ ಭಾನುವಾರ, ಹಳ್ಳಿಯಲ್ಲಿ ಎಲ್ಲ ಮುಚ್ಚಿತ್ತು. ಕ್ಯಾಂಪಿನ ಮಳಿಗೆಯಲ್ಲಿ ಟೋಪಿ, ಬಾವುಟ, ಬಿಯರು ಇದ್ದವು. ಹಾಲೆಂಡಿನ ಮಗ ಪಾಪ ತನ್ನ ಇನ್ನೊಂದು ಜೊತೆ ಬೂಟು ತಂದುಕೊಟ್ಟ. ಒಂದು ಬೂಟಿನೊಳಗೆ ನನ್ನ ಎರಡು ಪಾದವೂ ಹಿಡಿಯುತ್ತಿತ್ತು. ಕಾಡಿನ ದಾರಿ ಕೆಸರು, ಕಲ್ಲು, ಏರು. ಒಂಟಿ ಬೂಟಿನಲ್ಲಿ ಮುಕ್ಕಾಲು ಗಂಟೆ ನಡೆಯಲಾಗದು. ನನಗೆ ಮಂಡಿ ನೋವು ಬೇರೆ. "ಬಿಡಿ, ಇಲ್ಲೇ ದೊಡ್ಡ ಪರದೆ ಹಾಕಿದ್ದಾರಂತೆ, ಅದರಲ್ಲೇ ನೋಡ್ತೀನಿ. ಟೀವಿ ಹಣೇಲಿ ಬರೆದಿದ್ರೆ ಎಲ್ಲಿಗೆ ಹೋದ್ರೂ ಟೀವೀನೇ" ಎಂದು ಟೆಂಟಿನ ಮುಂದೆ ಕೂತೆ. ಅಳು ಬರುತ್ತಿತ್ತು.

ಇವರು ಒಳಗೆ ಹೋಗಿ ಮೂರು ಜೊತೆ ಕಾಲುಚೀಲ ತಂದು ನನ್ನ ಮುಂದಿಟ್ಟರು.

"ಹಾಕ್ಕೋ. ಮೂರೂ ಹಾಕ್ಕೋ."

"ಯಾಕೆ?"

"ನನ್ನ ಬೂಟು ಸಡಿಲ ಆಗುತ್ತೆ ನಿನಗೆ. ಚೀಲ ಹಾಕಿದ್ರೆ ನಿಲ್ಲುತ್ತೆ."

"ನೀವು?"

ಇವರು ಪ್ಯಾಂಟನ್ನು ಮೊಣಕಾಲಿಗಿಂತ ಸ್ವಲ್ಪ ಕೆಳಗೆ ಮಡಚುತ್ತಿದ್ದರು. "ಬೆಟ್ಟ ಹತ್ತಲ್ವಾ ನಾನು? ಇದೂ ಬೆಟ್ಟಾನೇ."

"ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲಿದೆ. ಇಲ್ಲಿ ಹನ್ನೆರಡು ಡಿಗ್ರಿ ಚಳಿ ಕಣ್ರೀ."

"ಎಂಟು ಗಂಟೆಗೆ ಹೊರಡೋಣ ಅಂದಿದ್ದು. ಈಗಲೇ ಎಂಟೂಕಾಲು" ಎಂದು ಇವರು ಅವಲಕ್ಕಿ ಡಬ್ಬಿ ತೆಗೆದುಕೊಂಡರು.

ಹೀಗೆ ನಾವು ಹೊರಟೆವು. ನಾನು ಮೂರು ಜೊತೆ ಕಾಲುಚೀಲದ ಮೇಲೆ ಎಂಟು ನಂಬರಿನ ಬೂಟು ಹಾಕಿ ಬಾತುಕೋಳಿಯಂತೆ ಹಿಂದೆ, ಇವರು ಬರಿಗಾಲಲ್ಲಿ ಮುಂದೆ. ನನ್ನ ಬೂಟು ಕೆಸರಿನಲ್ಲಿ ಹೂತು ಹೂತು ಬರುತ್ತಿತ್ತು. ಇವರ ಕಾಲು ಎಲ್ಲೂ ಜಾರಲಿಲ್ಲ. ಎಲ್ಲಿ ಬೇರಿದೆ, ಎಲ್ಲಿ ಕಲ್ಲಿದೆ ನೋಡಿ ಹೆಜ್ಜೆಯಿಟ್ಟು, ತಿರುಗಿ ನನಗೆ ಕೈ ಕೊಡುತ್ತಿದ್ದರು. ದಾರಿಯಲ್ಲಿ ಜನ ಇವರ ಕಾಲನ್ನು ನೋಡಿ, ಆಮೇಲೆ ನನ್ನ ಕಾಲನ್ನು ನೋಡಿ, ಗಂಡನ ಬೂಟು ಕಸಿದುಕೊಂಡ ರಾಕ್ಷಸಿ ಎಂದು ತೀರ್ಮಾನಿಸುತ್ತಿದ್ದರು. ತಪ್ಪೇನಿಲ್ಲ ಅನ್ನಿಸಿತು.

ಗೇಟಿನಲ್ಲಿ ಟಿಕೆಟ್ ನೋಡುತ್ತಿದ್ದ ಹೆಂಗಸು ಇವರ ಪಾದ ನೋಡಿ, ಆಗುವುದಿಲ್ಲ ಎಂದು ತಲೆಯಾಡಿಸಿದಳು. ಇವರು ಸಾವಕಾಶವಾಗಿ ಗುಡ್ಡದ ನೆತ್ತಿಯನ್ನು ತೋರಿಸಿ, ಕೈ ಜೋಡಿಸಿ, ನಮ್ಮೂರಿನಲ್ಲಿ ಬೆಟ್ಟ ಹತ್ತುವುದು ಹೀಗೆಯೇ, ಪ್ರತಿ ವರ್ಷ ಹತ್ತುತ್ತೇನೆ ಎಂದು ಕಚೇರಿ ಇಂಗ್ಲಿಷಿನಲ್ಲಿ ವಿವರಿಸಿದರು. ಅವಳು ನನ್ನ ಕಡೆ ನೋಡಿದಳು. ನಾನೂ ಕೈ ಜೋಡಿಸಿದೆ. ಅವಳಿಗೆ ಏನು ಅರ್ಥವಾಯಿತೋ, ನಕ್ಕು ದಾರಿ ಬಿಟ್ಟಳು.

ಬೇಲಿಯ ಪಕ್ಕದಲ್ಲೇ ಜಾಗ ಸಿಕ್ಕಿತು. ರೇಸು ಇರುವುದು ಮೂರು ಗಂಟೆಗೆ. ಐದೂವರೆ ಗಂಟೆ ಕಾಲ ಚಾಪೆ ಹಾಸಿ ಕೂತು ಅವಲಕ್ಕಿ ತಿಂದೆವು. ಇವರು ಒದ್ದೆ ಹುಲ್ಲಿನ ಮೇಲೆ ಕಾಲು ಚಾಚಿ ಕೆಳಗಿನ ರಸ್ತೆಯನ್ನೇ ನೋಡುತ್ತಿದ್ದರು.

"ಎಷ್ಟೊಂದು ಏರಿದೆ ನೋಡು. ಟೀವೀಲಿ ಸಪಾಟಾಗಿ ಕಾಣುತ್ತೆ."

"ನೀವು ಯಾವಾಗ ನೋಡಿದ್ರಿ ಟೀವೀಲಿ?"

"ಬಾಗಿಲಲ್ಲಿ ಚಪ್ಪಲಿ ಹಾಕ್ಕೊಳ್ಳುವಾಗ ಕಾಣುತ್ತಲ್ಲ."

"ಚಪ್ಪಲಿ ಹಾಕ್ಕೊಳ್ಳೋಕೆ ಎಷ್ಟು ಹೊತ್ತು ಬೇಕ್ರೀ?"

"ಒಂದೆರಡು ಸುತ್ತು" ಅಂದರು ಇವರು.

ಹದಿನೆಂಟು ವರ್ಷದ ಭಾನುವಾರಗಳನ್ನು ಲೆಕ್ಕ ಹಾಕಿದೆ. ನಾನು ಬೆನ್ನು ತಿರುಗಿಸಿ ಕೂತು ನೋಡುತ್ತಿದ್ದಾಗ ಈ ಮನುಷ್ಯ ಬಾಗಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ನಿಂತು ನೋಡುತ್ತಿದ್ದರು. ಒಳಗೆ ಬಂದು ಕೂರಲು ನಾನು ಕರೆಯಬೇಕಿತ್ತೋ ಏನೋ. ನಾನು ಕರೆದಿರಲಿಲ್ಲ.

ಮೂರು ಗಂಟೆಗೆ ಎಲ್ಲರೂ ಎದ್ದು ನಿಂತರು. ನಾವು ಕಿವಿಗೆ ಹತ್ತಿಯಂಥ ಬೆಂಡು ತುರುಕಿಕೊಂಡೆವು. ಮೊದಲು ಕಣಿವೆಯ ಕೆಳಗಿಂದ ಶಬ್ದ ಬಂತು, ಆಮೇಲೆ ನೇರ ರಸ್ತೆಯ ಆ ತುದಿಯಲ್ಲಿ ಬಣ್ಣ ಬಣ್ಣದ ಚುಕ್ಕೆ ಕಾಣಿಸಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಚುಕ್ಕೆಗಳು ಕಾರುಗಳಾಗಿ, ಮೂರು ಮೂರು ಅಕ್ಕಪಕ್ಕದಲ್ಲಿ ನುಗ್ಗಿ ಬಂದವು. ಇನ್ನು ಇವು ನಿಲ್ಲುವುದಿಲ್ಲ, ಬೇಲಿ ಹಾರಿ ನಮ್ಮ ಮೇಲೇ ಬರುತ್ತವೆ ಅನ್ನಿಸಿತು. ಅಷ್ಟರಲ್ಲಿ ಇಪ್ಪತ್ತೂ ಒಂದೇ ಉಸಿರಿನಲ್ಲಿ ಮೂಗು ತಗ್ಗಿಸಿ, ಬಲಕ್ಕೆ ಹೊರಳಿ, ಮರಗಳ ಹಿಂದೆ ಹೋದವು. ಸುಟ್ಟ ರಬ್ಬರಿನ ವಾಸನೆ ಉಳಿಯಿತು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಇಷ್ಟು ವರ್ಷ ಇದಕ್ಕೆ ಕಾದದ್ದು ಸಾರ್ಥಕವಾಯಿತು. ನನ್ನ ಬಲಗಾಲು ಇವರ ಬೂಟಿನೊಳಗೆ ಗಟ್ಟಿಯಾಗಿ ಒತ್ತಿಕೊಂಡಿತ್ತು.

ಎರಡನೆಯ ಸುತ್ತಿಗೆ ಇವರ ಮುಖ ನೋಡೋಣವೆಂದು ತಿರುಗಿದೆ. ಮುಖ ರಸ್ತೆಯ ಮೇಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಚಳಿಯಾಗುತ್ತಿದೆಯೋ ಏನೋ ಎಂದು ಕಾಲು ನೋಡಿದೆ. ಪಾದ ಕೆಂಪಾಗಿ, ಬೆರಳ ಸಂದಿಯಲ್ಲೆಲ್ಲ ಕೆಸರು. ಕಾರು ಬಂತು. ಅದು ಬ್ರೇಕ್ ಹಾಕುವುದಕ್ಕೆ ಕೂದಲೆಳೆ ಮುಂಚೆ ಇವರ ಬಲಗಾಲಿನ ಬೆರಳುಗಳು ಕೆಸರನ್ನು ಒತ್ತಿದವು. ಕಾರು ತಿರುವಿನಲ್ಲಿ ಹೋದ ಮೇಲೆ ಮೆಲ್ಲಗೆ ಬಿಟ್ಟವು. ಕಾಕತಾಳೀಯ ಅಂದುಕೊಂಡೆ. ಮೂರನೆಯ ಸುತ್ತಿನಲ್ಲಿ ನಾನು ರೇಸು ನೋಡಲಿಲ್ಲ, ಇವರ ಕಾಲನ್ನೇ ನೋಡಿದೆ. ಮತ್ತೆ ಅದೇ ಜಾಗದಲ್ಲಿ, ಅದೇ ಕ್ಷಣಕ್ಕೆ ಒತ್ತಿದರು. ಮೊದಲು ಜೋರಾಗಿ, ಆಮೇಲೆ ಹದವಾಗಿ ಸಡಿಲಿಸುತ್ತ, ನಾನು ಶಿಷ್ಯರಿಗೆ ಹೇಳಿಕೊಡುವ ಹಾಗೆಯೇ. ನಾಲ್ಕನೆಯ ಸುತ್ತಿನ ಹೊತ್ತಿಗೆ ಆ ಹೆಬ್ಬೆರಳಿನ ಕೆಳಗೆ ಒಂದು ಸಣ್ಣ ಗುಂಡಿ ಬಿದ್ದಿತ್ತು.

ನಾಲ್ಕೇ ದಿನ ಕಲಿಸಿದ್ದೆ. ಅದನ್ನು ಇಷ್ಟು ವರ್ಷ ಇವರು ಮರೆತಿರಲಿಲ್ಲ. ನಾನು ಅಂದ ಮಾತನ್ನೂ ಮರೆತಿರಲಾರರು. ಇವತ್ತೂ ನುಂಗಿಕೊಂಡರೆ ಇನ್ನು ಯಾವತ್ತೂ ಹೇಳಲಾರೆ ಅನ್ನಿಸಿತು.

"ನಿಮಗೆ ಕಾಲಿದೆ ರೀ" ಅಂದೆ.

ಕಾರುಗಳ ಸದ್ದಿನಲ್ಲಿ, ಕಿವಿಯಲ್ಲಿ ಬೆಂಡಿಟ್ಟುಕೊಂಡು, ಇವರಿಗೆಲ್ಲಿ ಕೇಳಿಸಬೇಕು? ಬಗ್ಗಿ "ಏನು?" ಅಂದರು. ಇನ್ನೊಮ್ಮೆ ಹೇಳಿದೆ. ಕೇಳಿಸಲಿಲ್ಲ. ಒಂದು ಕಿವಿಯ ಬೆಂಡು ತೆಗೆದರು. ಅಷ್ಟರಲ್ಲಿ ಕಾರುಗಳೆಲ್ಲ ದಾಟಿ ಗುಡ್ಡದ ಮೇಲೆ ಸದ್ದಡಗಿತ್ತು, ನನಗೆ ಅದು ಗೊತ್ತಾಗಲಿಲ್ಲ. ಕತ್ರಿಗುಪ್ಪೆ ಸಿಗ್ನಲ್ಲಿನಲ್ಲಿ ಕಿರುಚಿದಷ್ಟೇ ಗಟ್ಟಿಯಾಗಿ, "ಕಾಲಿದೆ ಅಂದೆ ನಿಮಗೆ. ಅವತ್ತು ಹಾಗೆ ಅಂದಿದ್ದು ನಂದು ತಪ್ಪು" ಎಂದು ಕೂಗಿದೆ. ಅಕ್ಕಪಕ್ಕದ ಕಿತ್ತಳೆ ಅಂಗಿಗಳೆಲ್ಲ ತಿರುಗಿದವು. ಅವತ್ತು ಅಲ್ಲಿ ಕೇಳಿಸಿಕೊಂಡವರಿಗಿಂತ ಹೆಚ್ಚು ಜನ ಇವತ್ತು ಇಲ್ಲಿ ಕೇಳಿಸಿಕೊಂಡರು, ಒಬ್ಬರಿಗೂ ಅರ್ಥವಾಗಲಿಲ್ಲ.

ಇವರು ತಮ್ಮ ಪಾದವನ್ನು ನೋಡಿಕೊಂಡರು. ಆಮೇಲೆ ತುಟಿಯಂಚಿನಲ್ಲಿ ನಗು ಬಂತು.

"ಇದನ್ನ ಹೇಳೋಕೆ ಬೆಲ್ಜಿಯಂಗೆ ಬರಬೇಕಾಗಿತ್ತೇನೇ?" ಅಂದರು.

ಕಿವಿಗೆ ಬೆಂಡು ತುರುಕಿಕೊಂಡು ಮತ್ತೆ ರಸ್ತೆ ನೋಡತೊಡಗಿದರು. ಕೊನೆಯ ಸುತ್ತಿನವರೆಗೂ ನನ್ನ ಮೊಣಕೈ ಹಿಡಿದುಕೊಂಡಿದ್ದರು. ಯಾರು ಗೆದ್ದರೆಂದು ಕೇಳಬೇಡಿ, ಸಂಜೆ ಹಾಲೆಂಡಿನವರು ಹಾಡುತ್ತ ಬಂದಾಗಲೇ ನಮಗೆ ಗೊತ್ತಾದದ್ದು. ಇವರ ಕಾಲನ್ನು ಕುಕ್ಕರಿನಲ್ಲಿ ಕಾಯಿಸಿದ ನೀರು ಸುರಿದು ಸುರಿದು ನಾನೇ ತೊಳೆದೆ. ಬೇಡ ಬೇಡ ಅಂದರು, ಎಳೆದುಕೊಳ್ಳಲಿಲ್ಲ. ಸೋಮವಾರ ಹೊರಡುವ ಹೊತ್ತಿಗೆ ಹಾಲೆಂಡಿನ ಮಗ ಊರೊಳಗಿನ ಅಂಗಡಿಯಿಂದ ಒಂದು ಜೊತೆ ರಬ್ಬರ್ ಚಪ್ಪಲಿ ತಂದುಕೊಟ್ಟ. ಉಳಿದ ಚಟ್ನಿಪುಡಿಯ ಡಬ್ಬಿ ಅವರಿಗೆ ಕೊಟ್ಟು ಬಂದೆವು. ನರಿಗೆ ಜೊತೆಯಾಗಲಿ ಎಂದು ನನ್ನ ಬಲಗಾಲಿನ ಬೂಟನ್ನು ಇವರು ಬೇಲಿಯ ಪಕ್ಕ ನೀಟಾಗಿ ಇಟ್ಟರು.

ಊರಿಗೆ ಬಂದ ಎರಡನೆಯ ವಾರ ಇವರು ಎಲ್‌ಎಲ್‌ಆರ್ ಅಂದರೆ ಕಲಿಯುವವರ ಲೈಸೆನ್ಸ್ ಮಾಡಿಸಿಕೊಂಡು ಬಂದರು. ನನಗೆ ಹೇಳಿರಲಿಲ್ಲ, ಕಾರ್ಡನ್ನು ಫ್ರಿಜ್ಜಿನ ಮೇಲೆ ಇಟ್ಟಿದ್ದರು. "ಬೆಳಿಗ್ಗೆ ಆರರ ಕ್ಲಾಸಿಗೆ ಯಾರಾದ್ರೂ ಇದಾರಾ?" ಎಂದು ಕೇಳಿದರು. ಯಾರೋ ಇದ್ದರು, ಅವರನ್ನು ಏಳಕ್ಕೆ ಹಾಕಿದೆ.

ಮೊದಲ ದಿನ ಇವರು ಡ್ರೈವರ್ ಬಾಗಿಲು ತೆಗೆದು, ಚಪ್ಪಲಿಯನ್ನು ರಸ್ತೆಯ ಪಕ್ಕ ಬಿಟ್ಟು, ಬರಿಗಾಲಲ್ಲಿ ಒಳಗೆ ಕೂತರು. ಬೇರೆ ಯಾರಾದರೂ ಆಗಿದ್ದರೆ ಇಳಿಸಿ ಬೂಟು ಹಾಕಿಸುತ್ತಿದ್ದೆ. ನಾನು ಸೀಟ್ ಬೆಲ್ಟ್ ಹಾಕಿಕೊಂಡೆ. ಒಂದು ಗಂಟೆ ಬನಶಂಕರಿಯೆಲ್ಲ ಸುತ್ತಿ ಬಂದಾಗ ಚಪ್ಪಲಿ ಇನ್ನೂ ಅಲ್ಲೇ ಇತ್ತು. ನಮ್ಮ ಬೀದಿಯಲ್ಲಿ ನರಿಗಳಿಲ್ಲ. ಅಂದಿನಿಂದ ಅದೇ ಪದ್ಧತಿಯಾಯಿತು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಇವರು ತಾವಾಗಿಯೇ ಕಾರನ್ನು ಕತ್ರಿಗುಪ್ಪೆ ಸಿಗ್ನಲ್ಲಿನ ಕಡೆ ತಿರುಗಿಸಿದರು. ಅಷ್ಟು ದಿನ ಇಬ್ಬರೂ ಆ ದಾರಿ ಬಿಟ್ಟು ಓಡಾಡಿದ್ದೆವು. ದೂರದಲ್ಲಿ ದೀಪ ಕೆಂಪಾಯಿತು. ಮುಂದೆ ಒಂದು ಆಟೋ ನಿಂತಿತು. ನನ್ನ ಬಲಗಾಲು ನನ್ನ ಕಡೆಯ ಬ್ರೇಕಿನ ಮೇಲೆ ಹೋಗಿತ್ತು. ನಾನು ಎರಡೂ ಕಾಲನ್ನು ಎತ್ತಿ, ಸೀಟಿನ ಮೇಲೆ ಮಡಚಿಕೊಂಡು, ಚಕ್ಕಳಮಕ್ಕಳ ಹಾಕಿ ಕೂತೆ. ಇವರು ಓರೆಗಣ್ಣಿನಲ್ಲಿ ಅದನ್ನು ನೋಡಿದರು. ಬರಿಗಾಲಿನ ಬೆರಳುಗಳು ಮೊದಲು ಜೋರಾಗಿ ಒತ್ತಿ, ಆಮೇಲೆ ಮೆಲ್ಲಗೆ ಸಡಿಲವಾದವು. ಕಾರು ಆಟೋಗೆ ಒಂದು ಮಾರು ದೂರದಲ್ಲಿ ನಿಂತಿತು.